ಗೋಡೆ ದಾಟಿದ ಹನುಮಪ್ಪ

ಇನ್ನು ಮುಂದೆ ನಮ್ಮ ಮನೆಯ ಯಾವ ಕೆಲಸಕ್ಕೂ ಪಕ್ಕದ ಮನೆ ಕುಬೇರಪ್ಪನನ್ನು ಕರೆಯಕೂಡದು! ಹೀಗೆಂದು ಒಂದು ಭಾನುವಾರ ಬೆಳಗ್ಗೆ, ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಚಹಾದ ಲೋಟ ಹಿಡಿದು ನಿಂತು ಭೀಷ್ಮಪ್ರತಿಜ್ಞೆ ಮಾಡಿದೆ.

ಕಾರಣವಿತ್ತು. ಮಿಕ್ಸಿ ನಿಂತರೆ ನನ್ನ ಹೆಂಡತಿ ಭಾಗ್ಯಲಕ್ಷ್ಮಿ ಕೂಗುವುದು ಕುಬೇರಪ್ಪನನ್ನು. ಹಲ್ಲಿ ಬಂದರೂ ಕುಬೇರಪ್ಪನೇ. ಗಂಡ ಅನ್ನುವ ಪ್ರಾಣಿ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿರುತ್ತದೆ, ಅದು ಲೆಕ್ಕಕ್ಕಿಲ್ಲ! ಅವನ ದಾಸವಾಳದಲ್ಲಿ ಅಂಗೈಯಗಲದ ಹೂವು, ನಮ್ಮ ದಾಸವಾಳದಲ್ಲಿ ಬರೀ ಬಿಳಿ ಹುಳ. ಅದಕ್ಕೂ ನಾನೇ ಹೊಣೆಯಂತೆ. ನನಗೆ ಹೊಟ್ಟೆಕಿಚ್ಚು ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಇತ್ತು, ಒಲೆ ಹಚ್ಚದೆ ಚಹಾ ಕಾಯಿಸುವಷ್ಟು ಇತ್ತು!

ಅವತ್ತು ಅವಳು ತಾಯಿಯನ್ನು ಕರೆತರಲು ಹರಿಹರಕ್ಕೆ ಹೊರಟಿದ್ದಳು. ಗೇಟಿನ ಹತ್ತಿರ ನಿಂತು ಹೇಳಿದಳು: "ರೀ, ಏನಾರ ಬೇಕಾದ್ರೆ ಕುಬೇರಪ್ಪಣ್ಣನ್ನ ಕರೀರಿ. ನೀವಾಗೇ ಏನೂ ಮಾಡಾಕೆ ಹೋಗಬ್ಯಾಡ್ರಿ."

"ಯಾಕೆ, ನನಗೇನು ಕೈ ಇಲ್ಲೇನು?"

"ಐತೆ. ಅದಕ್ಕೇ ಹೆದರಿಕೆ!"

ಅವಳ ಆಟೋ ತಿರುವು ದಾಟಿದ ಮೇಲೆ ಹಿತ್ತಲಿಗೆ ಹೋದೆ. ತೆಂಗಿನ ಮರದ ಬುಡದಲ್ಲಿ ದೊಡ್ಡದೊಂದು ಕೋತಿ ಸತ್ತು ಬಿದ್ದಿತ್ತು. ಮೇಲೆ ಕರೆಂಟಿನ ತಂತಿ. ಪಾಪ, ಜಿಗಿಯುವಾಗ ತಗುಲಿರಬೇಕು. ನಿಜ ಹೇಳುತ್ತೇನೆ, ಒಂದು ಗಳಿಗೆ ಕರುಳು ಚುರುಕ್ ಎಂದಿತು. ಮರುಗಳಿಗೆಯಲ್ಲೇ ಎದೆ ಉಬ್ಬಿತು. ಕುಬೇರಪ್ಪನಿಲ್ಲದೆ ಒಂದು ಮಹತ್ಕಾರ್ಯ ಮುಗಿಸಿ ತೋರಿಸುವ ಸಮಯ ಕೂಡಿಬಂದಿತ್ತು!

ಮೊಬೈಲಿನಲ್ಲಿ ಹುಡುಕಿದೆ. ಬರಿಗೈಯಲ್ಲಿ ಮುಟ್ಟಬಾರದು, ಆಳವಾದ ಗುಂಡಿ ತೋಡಬೇಕು, ಸುಣ್ಣ ಹಾಕಬೇಕು ಎಂದಿತ್ತು. ಮೊದಲು ಅರಣ್ಯ ಇಲಾಖೆಗೆ ತಿಳಿಸಬೇಕು ಎಂದೂ ಇತ್ತು. ಆ ಒಂದು ಸಾಲನ್ನು ಮಾತ್ರ ಕಣ್ಣು ಮುಚ್ಚಿಕೊಂಡು ದಾಟಿಬಿಟ್ಟೆ.

ರೇನ್‌ಕೋಟು ತೊಟ್ಟೆ. ಕೊರೊನಾ ಕಾಲದ ಮಾಸ್ಕು ಕಟ್ಟಿದೆ. ಕೈಗೆ ಪ್ಲಾಸ್ಟಿಕ್ ಚೀಲ, ತಲೆಗೆ ಹೆಲ್ಮೆಟ್ಟು! ಗೋಣಿಚೀಲಕ್ಕೆ ಹಾಕಲು ಹೋದರೆ ಕೋತಿಯ ಎರಡು ಕೈಗಳೂ ಹೊರಗೇ ಚಾಚಿಕೊಳ್ಳುತ್ತಿದ್ದವು. ಅವನ್ನು ಎದೆಗೆ ತಂದು ಜೋಡಿಸಿ, ಹೂ ಕಟ್ಟುವ ದಾರದಿಂದ ಬಿಗಿದೆ. ಚೀಲದ ಬಾಯಿಗೂ ಅದೇ ದಾರ.

ಆಮೇಲೆ ಹಾರೆ ಎತ್ತಿ ಕುಕ್ಕಿದೆ. ಮೊದಲ ಏಟಿಗೆ ಜಲ್ಲಿ ಸಿಕ್ಕಿತು, ಎರಡನೆಯದಕ್ಕೆ ಹಳೇ ಟೈಲ್ಸು. ಮೂರನೆಯ ಏಟಿಗೆ ಗಂಗಾವತರಣ! ಅಪರೂಪಕ್ಕೆ ನಲ್ಲಿ ಬಿಟ್ಟ ದಿನವೇ ನಾನು ನಲ್ಲಿಯ ಪೈಪು ಒಡೆದಿದ್ದೆ. ಕಾರಂಜಿ ನೇರವಾಗಿ ಮುಖಕ್ಕೇ ಚಿಮ್ಮಿತು. ಗುಂಡಿ ಬಾವಿಯಾಯಿತು. ಅಷ್ಟರಲ್ಲಿ ಫೋನು.

"ರೀ, ಬಸ್ ಇಳಿದ್ವಿ. ಆಟೋ ಹತ್ತೀವಿ. ಅವ್ವಗೆ ಬಿಸಿನೀರು ಇಡ್ರಿ."

ಬಿಸಿನೀರಂತೆ! ತಣ್ಣೀರೇ ಮೊಣಕಾಲಿಗೆ ಬಂದಿತ್ತು. ಹಿತ್ತಲಲ್ಲಿ ಕೆರೆ, ದಡದಲ್ಲಿ ಹೆಣ. ಅತ್ತೆಯ ಮುಂದೆ ಮಾನ ಉಳಿಯಬೇಕಾದರೆ ಎರಡರಲ್ಲಿ ಒಂದಾದರೂ ಮಾಯವಾಗಬೇಕಿತ್ತು. ಕಣ್ಣು ಕಾಂಪೌಂಡಿನ ಕಡೆ ಹೋಯಿತು. ಗೋಡೆಯಾಚೆ ಕುಬೇರಪ್ಪನ ದಾಸವಾಳ!

"ತಪ್ಪಾಯ್ತು ತಂದೆ" ಎಂದು ಮೂಟೆಯನ್ನು ಗೋಡೆಗೆ ಏರಿಸಿ ದಬ್ಬಿದೆ. ಚೀಲದ ಬಾಯಿಯ ದಾರ, ಕೈಗೆ ಬಿಗಿದ ದಾರ ಎರಡೂ ಪಟ್ಟೆಂದು ಹರಿದವು. ಚೀಲ ನನ್ನ ಕೈಯಲ್ಲೇ ಉಳಿಯಿತು, ಕೋತಿ ಆಚೆ ಹೋಯಿತು.

ಗೇಟು ಕಿರ್ರೆಂದಿತು. ಹೆಂಡತಿ, ಹಿಂದೆ ಅತ್ತೆ ಸುಂಕಲಮ್ಮ.

"ರೀ! ಏನಿದು ಕೆರೆ?"

"ಮಳೆನೀರು ಕೊಯ್ಲು!"

"ಮಳೆ ಎಲ್ಲೈತೆ?"

"ಬಂದಾಗ ಇರ್ಲಿ ಅಂತ."

ಅವಳು ನೇರ ಬೀದಿಗೇ ಹೋಗಿ "ಕುಬೇರಪ್ಪಣ್ಣಾ!" ಎಂದಳು. ಅವನು ಹಳೇ ಸೈಕಲ್ ಟ್ಯೂಬಿನ ತುಂಡು ಹಿಡಿದು ಬಂದ. ಪೈಪಿಗೆ ಗಟ್ಟಿಯಾಗಿ ಸುತ್ತಿದ. ನೀರು ನಿಂತಿತು. ನನ್ನ ಭೀಷ್ಮಪ್ರತಿಜ್ಞೆ ಮಧ್ಯಾಹ್ನದ ಊಟದವರೆಗೂ ಬಾಳಲಿಲ್ಲ!

ಅವನು ತನ್ನ ಮನೆಗೆ ಹೋಗಿ ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಕೂಗು ಕೇಳಿತು: "ಶಕುಂತಲಾ! ಜಲ್ದಿ ಬಾರೇ! ದೇವರು ಬಂದಾನೆ!"

ಓಡಿಹೋಗಿ ನೋಡಿದೆವು. ದಾಸವಾಳದ ಕೊಂಬೆಗಳ ನಡುವೆ ಸಿಕ್ಕಿಕೊಂಡು ಕೋತಿ ಕೂತ ಭಂಗಿಯಲ್ಲಿತ್ತು. ದಾರ ಹೋಗಿದ್ದರೂ ಸೆಟೆದ ಕೈಗಳು ಎದೆಯ ಮೇಲೆ ಜೋಡಿಸಿದಂತೆಯೇ ಇದ್ದವು. ತಲೆಯ ಮೇಲೊಂದು ಕೆಂಪು ಹೂವು ಬೇರೆ! ಕುಬೇರಪ್ಪ ಗಳಗಳ ಅತ್ತ. ಅವನ ಹೆಂಡತಿ ಶಕುಂತಲಮ್ಮ ಕರ್ಪೂರ ತಂದರು.

"ಕೈ ಮುಗಕೊಂಡೇ ಪ್ರಾಣ ಬಿಟ್ಟೈತಲ್ಲೇ ಭಾಗ್ಯಾ!" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಪುಣ್ಯವಂತರ ಅಂಗಳ ಹುಡಿಕ್ಕೊಂಡು ಬಂದಾನೆ ಹನುಮಪ್ಪ. ನಮ್ಮ ಹಿತ್ತಲಿಗೆ ಯಾಕೆ ಬಂದಾನು!"

ಹೆಂಡತಿ ನನ್ನ ಒದ್ದೆ ರೇನ್‌ಕೋಟಿನ ಕಡೆ ಒಮ್ಮೆ ನೋಡಿ, "ಹೌದವ್ವಾ" ಎಂದಳು. ನನ್ನ ಕರುಳಿಗೆ ಬ್ಯಾಡಗಿ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು.

ಮುಂದಿನದನ್ನು ಹೇಗೆ ಹೇಳಲಿ! ಟ್ರ್ಯಾಕ್ಟರಿಗೆ ಬಾಳೆಕಂಬ ಕಟ್ಟಿದರು. ನಮ್ಮ ಬೀದಿಯ ಭಜನೆ ತಂಡದ ಹಿರಿಯ ಕಲ್ಲಪ್ಪನವರು ತಾಳ ಹಿಡಿದು ಮುಂದೆ ನಡೆದರು. ಮೆರವಣಿಗೆ ಶಾಮನೂರಿನ ಅಂಚಿನಲ್ಲಿರುವ ಕುಬೇರಪ್ಪನ ಹೊಲಕ್ಕೆ ಹೋಯಿತು. ಅಲ್ಲೇ ಮಣ್ಣು ಮಾಡಿದರು. ಮರುದಿನ ಬೀದಿ ತುದಿಯಲ್ಲಿ ಫ್ಲೆಕ್ಸು! ಕೋತಿಯ ಫೋಟೋಕ್ಕಿಂತ ಕುಬೇರಪ್ಪನ ಫೋಟೋ ದೊಡ್ಡದು. ಕಾಯಿಪಲ್ಲೆಯವಳಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರೂ ಅವನಿಗೆ ಕೈ ಮುಗಿಯುವವರೇ. ಮೆರವಣಿಗೆಯಲ್ಲಿ ನನ್ನ ಪಾಲಿಗೆ ಬಂದದ್ದು ಜಾಗಟೆ. ಹೊಡೆದೆ. ಕುಬೇರಪ್ಪನ ಬೆನ್ನೆಂದೇ ತಿಳಿದು ಹೊಡೆದೆ!

ಸತ್ತದ್ದು ನನ್ನ ಮರದ ಕೆಳಗೆ. ಹೊತ್ತವನು ನಾನು, ಕೈ ಜೋಡಿಸಿದವನೂ ನಾನು. ಹೆಸರು ಮಾತ್ರ ಅವನದು! ಅನ್ನ ಸೇರಲಿಲ್ಲ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಪ್ರಾಣವೇ ಹೋಗುವ ಹಾಗಿತ್ತು.

ಸಮಾಧಿಗೆ ಹಾಲುತುಪ್ಪ ಬಿಡುವ ದಿನ ಬೀದಿಯವರೆಲ್ಲ ಮತ್ತೆ ಹೊಲದಲ್ಲಿ ಸೇರಿದರು. ಕಲ್ಲಪ್ಪನವರು ಕುಬೇರಪ್ಪನಿಗೆ ಶಾಲು ಹೊದಿಸಿದರು. ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು. ನನಗೆಂದೂ ತಟ್ಟದ ಚಪ್ಪಾಳೆ! ಕುಬೇರಪ್ಪ ತಲೆ ತಗ್ಗಿಸಿ ಮೆಲ್ಲಗೆ ಹೇಳಿದ: "ನಂದೇನೈತ್ರಿ, ಅವನಾಗೇ ಹುಡಿಕ್ಕೊಂಡು ಬಂದ."

ಆ ವಿನಯ ನನ್ನಿಂದ ತಡೆಯಲಾಗಲಿಲ್ಲ.

"ಹುಡುಕ್ಕೊಂಡು ಬರ್ಲಿಲ್ಲ! ನಾನೇ ಎತ್ತಿ ಹಾಕಿದ್ದು! ಅದು ನಮ್ಮ ಕೋತಿ!"

ಭಜನೆ ನಿಂತಿತು. ನಾನು ನಿಲ್ಲಲಿಲ್ಲ. ತಂತಿ, ಗೋಣಿಚೀಲ, ಹೂವಿನ ದಾರ, ಗೋಡೆ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು. ಭಾಗ್ಯಲಕ್ಷ್ಮಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಕಲ್ಲಪ್ಪನವರು ಹತ್ತಿರ ಬಂದರು. "ಅಂದ್ರೆ ಮಾಲತೇಶಣ್ಣ, ಜೀವ ಹೋಗಿದ್ದು ನಿಮ್ಮ ಮನ್ಯಾಗೆ?"

"ಹೌದ್ರಿ! ನಮ್ಮ ತೆಂಗಿನ ಮರದ ಕೆಳಗೆ!"

"ಖಾತ್ರಿನಾ?"

"ದೇವರಾಣೆ!"

ಕುಬೇರಪ್ಪ ದೊಡ್ಡದೊಂದು ಉಸಿರು ಬಿಟ್ಟು, ತನ್ನ ಶಾಲನ್ನು ತಾನೇ ತೆಗೆದು ನನಗೆ ಹೊದಿಸಿದ. ಎಂಥ ವಿಜಯ! ನಾನು ಶಾಲಿನ ಅಂಚು ಸರಿಮಾಡಿಕೊಂಡು ಫೋಟೋಕ್ಕೆ ನಗುತ್ತಿರುವಾಗ ಕಲ್ಲಪ್ಪನವರು ಹೇಳಿದರು:

"ಹಂಗಾದ್ರೆ ಮಗನ ಸ್ಥಾನದಾಗೆ ಕೂಡೋರು ನೀವೇ. ಸತ್ತ ಮನಿ ಯಜಮಾನ ತಲಿ ಕೊಡಬೇಕು. ಬರ್ರಿ, ಕೂಡ್ರಿ."

ಬೇವಿನ ಮರದ ನೆರಳಲ್ಲಿ ಕ್ಷೌರದವನು ಕತ್ತಿ ಮಸೆಯುತ್ತಿದ್ದ. ಕುಬೇರಪ್ಪ ಯಾಕೆ ಬೆಳಗ್ಗಿನಿಂದ ಪೆಚ್ಚಗಿದ್ದ ಎಂಬುದು ಆಗ ತಿಳಿಯಿತು.

"ಮೀಸೆ ಬ್ಯಾಡಲ್ರಿ?" ಎಂದೆ ಕ್ಷೀಣವಾಗಿ.

"ಮೀಸಿನೂ" ಎಂದರು ಕಲ್ಲಪ್ಪನವರು.

ಸಂಜೆ ಬೋಳುತಲೆಗೆ ಟವೆಲು ಸುತ್ತಿಕೊಂಡು ಹಿತ್ತಲಲ್ಲಿ ಕೂತಿದ್ದೆ. ಭಾಗ್ಯಲಕ್ಷ್ಮಿ ಒಣಗಿದ ಬಟ್ಟೆ ತೆಗೆದು ಮಡಚುತ್ತಿದ್ದಳು. ಗೋಡೆಯಾಚೆ ಶಕುಂತಲಮ್ಮನ ದನಿ ಏರಿತು: "ತಲಿ ಅಂದ ಕೂಡ್ಲೇ ಶಾಲು ಕಿತ್ತು ಕೊಟ್ರಲ್ಲ, ನಾಚಿಕೆ ಆಗಲ್ವೇನ್ರಿ? ಆ ಮಾಲತೇಶಣ್ಣನ್ನ ನೋಡಿ ಕಲೀರಿ! ಮೀಸಿ ಸೈತ ಕೊಟ್ರು!"

ನನ್ನ ಕಿವಿಗಳನ್ನು ನಾನೇ ನಂಬಲಿಲ್ಲ. ನನ್ನನ್ನು ನೋಡಿ ಕಲಿಯಬೇಕಂತೆ! ಕುಬೇರಪ್ಪ! ಇಷ್ಟು ವರ್ಷದ ಉರಿ ಒಂದೇ ಮಾತಿಗೆ ತಣ್ಣಗಾಯಿತು. ಟವೆಲು ತೆಗೆದು, ಬೋಳುತಲೆ ಎತ್ತಿ, ಹೆಂಡತಿಗೆ ಕೇಳಿದೆ: "ಕೇಳಿಸ್ತೇನು?"

ಅವಳು ಬಟ್ಟೆ ಮಡಚುತ್ತಲೇ ಗೋಡೆಯ ಕಡೆ ಕಿವಿಗೊಟ್ಟು ನಿಂತಳು. ಕಣ್ಣಲ್ಲಿ ಅದೇ ಹಳೇ ಮೆಚ್ಚುಗೆ.

"ಕೇಳಿಸ್ತು. ಹೆಂಡ್ತಿ ಅಷ್ಟು ಬೈದ್ರೂ ಕುಬೇರಪ್ಪಣ್ಣ ಒಂದು ಎದುರು ಮಾತು ಆಡ್ಲಿಲ್ಲ ನೋಡ್ರಿ. ಗಂಡ ಅಂದ್ರೆ ಹಂಗಿರಬೇಕು!"