ಗಡಿಯಾರದ ಸಾಹೇಬರು ಕ್ಲಾವೆ ರಿಪೇರಿ ಮಾಡಿದ್ದು

ಊರೆಲ್ಲ ಸೆಕೆಂಡ್ ಸಾಹೇಬರೆಂದು ಕರೆಯುವ ಗಡಿಯಾರ ರಿಪೇರಿಯವರನ್ನು ನಾನು ಮೊದಲು ಕಂಡದ್ದು ನನ್ನ ಕೈಗಡಿಯಾರಕ್ಕೆ ಪಟ್ಟಿ ಹಾಕಿಸಲು ಹೋದ ದಿನ. ನನ್ನದು ಅವರದಕ್ಕಿಂತ ಐದು ನಿಮಿಷ ಹಿಂದಿತ್ತು. ಅವರು ಕೇಳದೆಯೇ ಅದರ ಮುಳ್ಳು ತಿರುಗಿಸಿಬಿಟ್ಟರು!

"ಇದು ರೇಡಿಯೊ ಕೇಳಿ ಇಟ್ಟದ್ದು ಸ್ವಾಮಿ," ಎಂದೆ.

"ಹಾಗಾದ್ರೆ ರೇಡಿಯೊನೂ ತನ್ನಿ ಮೇಷ್ಟ್ರೇ, ಸರಿಮಾಡಿ ಕೊಡ್ತೀನಿ!"

ಇಂಥ ಸಾಹೇಬರಿಗೆ ಐವತ್ತೈದನೆಯ ವಯಸ್ಸಿನಲ್ಲಿ ಕ್ಯೂಬಾದ ಟಿಂಬಾ ಸಂಗೀತದ ಹುಚ್ಚು ಹಿಡಿಯಿತು. ಬೀದಿ ಕೊನೆಯ ಬೇಕರಿಯವರು ಒಂದು ವಾದ್ಯತಂಡ ನಡೆಸುತ್ತಿದ್ದರು. ಅದರಲ್ಲಿ ಪಿಯಾನೊ ಜಾಗ ಖಾಲಿಯಾಗಿತ್ತು.

"ಕಾಲವೇ ನನ್ನ ಕಸುಬು! ಮೂರು ತಿಂಗಳಲ್ಲಿ ಆ ಪಿಯಾನೊ ನನ್ನದಾಗದಿದ್ರೆ ಈ ಮೀಸೆ ಬೋಳಿಸ್ತೀನಿ!" ಎಂದು ಸಾಹೇಬರು ಘೋಷಿಸಿದರು. ಅದು ಸಾಮಾನ್ಯ ಮೀಸೆಯಲ್ಲ. ಹತ್ತು ಗಂಟೆ ಹತ್ತು ನಿಮಿಷದ ಮುಳ್ಳುಗಳಂತೆ ಮೇಲೆದ್ದು ನಿಂತ ಮೀಸೆ!

ಮನೆಗೊಂದು ಹಳೆಯ ಪಿಯಾನೊ ತಂದರು, ಬೆರಳು ಬೇಗ ಪಳಗಿತು. ಪಳಗದೆ ಉಳಿದದ್ದು ಕ್ಲಾವೆ. ಎರಡು ಮರದ ಕೋಲುಗಳನ್ನು ಒಂದಕ್ಕೊಂದು ತಾಕಿಸಿ ಹಾಕುವ ತಾಳವದು. ಒಂದು ಮಗ್ಗುಲಿಗೆ ಎರಡು ಏಟು, ಇನ್ನೊಂದಕ್ಕೆ ಮೂರು. ಹಾಡು ಹೊರಟ ಮಗ್ಗುಲಿನಿಂದಲೇ ಪಿಯಾನೊ ಕೂಡ ಹೊರಡಬೇಕು. ತಿರುವುಮುರುವಾದರೆ ಅಂಗಿಯನ್ನು ಒಳಮಗ್ಗುಲು ಹೊರಗಾಗಿ ತೊಟ್ಟಂತೆ: ಬಟ್ಟೆ ಅದೇ, ಗುಂಡಿ ಮಾತ್ರ ಕೈಗೆ ಸಿಗದು!

ಸಾಹೇಬರ ಹೆಂಡತಿ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವವರು. ಸಾಲಿನಲ್ಲಿ ಯಾರು ಎಷ್ಟೇ ಕೂಗಾಡಲಿ, ಅವರ ಏಟಿನ ಲಯ ಕದಲುತ್ತಿರಲಿಲ್ಲ. ಮನೆಯಲ್ಲಿ ಕ್ಲಾವೆ ಹಾಕುವ ಕೆಲಸ ಅವರ ಪಾಲಿಗೆ ಬಂತು.

"ರೀ, ಮೊದಲು ಎರಡು ಏಟು. ನೀವು ಮೂರರ ಕಡೆಯಿಂದ ಹೊರಟ್ರಿ."

"ನಾನಾ? ನೀನು ತಪ್ಪು ಹಾಕ್ತಿರೋದು! ನನ್ನ ಕೈ ನೋಡಿಕೊಂಡು ಹಾಕು."

"ನಿಮ್ಮ ಕೈ ನೋಡಿಕೊಂಡು ಹಾಕೋದಾದ್ರೆ ನಾನ್ಯಾಕೆ? ನಿಮ್ಮ ನೆರಳೇ ಸಾಕು!"

ಸಾಹೇಬರು ರೋಷದಿಂದ ನಡುಮನೆಯ ಗೋಡೆಗಡಿಯಾರವನ್ನು ಬಿಚ್ಚಿ, ಅದರ ಹೊಟ್ಟೆಗೆ ಎರಡು ಕೋಲು ಸಿಕ್ಕಿಸಿ, ಕ್ಲಾವೆಯಂತ್ರ ಮಾಡಿದರು. ಯಂತ್ರಕ್ಕೂ ಬೆರಳಿಗೂ ಜಗಳ ಬಂದಾಗಲೆಲ್ಲ ಮೂವತ್ತು ವರ್ಷದ ಅಭ್ಯಾಸದಂತೆ ಯಂತ್ರವನ್ನೇ ತಿರುಗಿಸಿದರು. ವಾರದಲ್ಲಿ ಅಮೋಘ ಹೊಂದಾಣಿಕೆ! ಹೊತ್ತು ತೋರಿಸುವವರಿಲ್ಲದೆ ಮನೆಯಲ್ಲಿ ಹಾಲು ಉಕ್ಕಿತು, ಹೆಂಡತಿಗೆ ಬಸ್ಸು ತಪ್ಪಿತು. ಅದೆಲ್ಲ ಕಲೆಗಾಗಿ ತ್ಯಾಗ!

ತಂಡದ ಜೊತೆ ನುಡಿಸಿ ತೋರಿಸಬೇಕಾದ ಪರೀಕ್ಷೆಯ ಭಾನುವಾರ ಬಂತು. ಸಭಾಂಗಣದ ತುಂಬ ಕುಣಿಯುವ ಜನ. ಸಾಹೇಬರು ಯಂತ್ರವನ್ನು ಪಿಯಾನೊ ಮೇಲೆ ಪ್ರತಿಷ್ಠಾಪಿಸಿ ಕೀ ಕೊಟ್ಟರು. ಬೇಕರಿಯವರ ಕೋಲು ಎರಡು ಎಂದರೆ ಯಂತ್ರ ಮೂರು ಎಂದಿತು! ಸಾಹೇಬರು ಯಂತ್ರದ ಪಕ್ಷ. ಎರಡು ಜೋಡಿಗಳು ಢಿಕ್ಕಿ ಹೊಡೆದವು. ತುತ್ತೂರಿಯವನ ಉಸಿರು ತುತ್ತೂರಿಯೊಳಗೇ ಉಳಿಯಿತು.

"ಸಾಹೇಬ್ರೇ, ತಾಳ ತಿರುವುಮುರುವಾಯ್ತು! ಇನ್ನೊಂದು ಸುತ್ತು ನೋಡ್ತೀನಿ, ಆಮೇಲೆ ಎದ್ದುಬಿಡಿ!" ಬೇಕರಿಯವರು ಕೂಗಿದರು.

ಮೀಸೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ಕೈ ತಾನಾಗಿ ಯಂತ್ರದ ಕಡೆಗೆ ಹೋಯಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಹೆಂಡತಿ ಬಂದು, ಯಂತ್ರವನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡರು.

"ತಿರುಗಿಸೋಕೆ ಈಗ ಬೇರೇನೂ ಇಲ್ಲ ರೀ. ನೀವೇ ತಿರುಗಿ!"

ಸಾಹೇಬರು ಎರಡೂ ಕೈ ಮೇಲೆತ್ತಿ ಕೋಲಿನ ಏಟಿಗೆ ಕಿವಿಗೊಟ್ಟರು. ಬೇಕರಿಯವರ ಕೋಲು ಎರಡು ಎಂದಿತು, ಮೂರು ಎಂದಿತು. ಮತ್ತೆ ಎರಡು ಬಂದಾಗ ಹತ್ತು ಬೆರಳೂ ಒಟ್ಟಿಗೆ ಧುಮುಕಿದವು! ಅಂಗಿಯ ಗುಂಡಿಗಳೆಲ್ಲ ತಮ್ಮ ತಮ್ಮ ಮನೆ ಸೇರಿದಂತಾಯಿತು. ತುತ್ತೂರಿ ಕೂಗಿತು, ನೆಲ ನಡುಗಿತು, ಗೋಡೆಗೊರಗಿ ನಿಂತಿದ್ದ ನಾನೂ ಮಂಡಿನೋವು ಮರೆತು ಕುಣಿದೆ!

"ಜಾಗ ನಿಮ್ದೇ!" ಎಂದರು ಬೇಕರಿಯವರು. "ಆದ್ರೆ ಅಮ್ಮನವರು ಜೊತೆಗೆ ಬರಬೇಕು. ಆ ಯಂತ್ರ ಬರಕೂಡದು."

ಮೀಸೆ ಉಳಿಯಿತು. ಮೊನ್ನೆ ಅಂಗಡಿಯಲ್ಲಿ, ರೇಡಿಯೊ ಕೇಳಿ ಮತ್ತೆ ಸರಿಯಿಟ್ಟುಕೊಂಡಿದ್ದ ನನ್ನ ಗಡಿಯಾರ ತೋರಿಸಿದೆ. ಮತ್ತೆ ಅದೇ ಐದು ನಿಮಿಷದ ವ್ಯತ್ಯಾಸ. ಸಾಹೇಬರ ಬೆರಳು ಮುಳ್ಳು ತಿರುಗಿಸಲು ಹೋಗಿ ನಿಂತಿತು. ಅಂಚೆ ಕಚೇರಿಗೆ ಫೋನ್ ಮಾಡಿದರು. "ಏನೇ, ಈಗ ಗಂಟೆ ಎಷ್ಟು?"

ಉತ್ತರ ಕೇಳಿ ತಮ್ಮ ಕೈಗಡಿಯಾರವನ್ನೇ ಐದು ನಿಮಿಷ ಹಿಂದಕ್ಕೆ ತಿರುಗಿಸಿಕೊಂಡರು. ಆಮೇಲೆ ಮುಖ ಬಿಳಿಚಿತು.

"ಮೇಷ್ಟ್ರೇ... ಮೂವತ್ತು ವರ್ಷದಿಂದ ನಾನು ಸರಿಮಾಡಿ ಕೊಟ್ಟ ಗಡಿಯಾರಗಳೆಲ್ಲ?"

ಈಗ ಸಾಹೇಬರು ಸಂಜೆ ಟಿಂಬಾ ನುಡಿಸುತ್ತಾರೆ. ಬೆಳಿಗ್ಗೆ ಹಳೆಯ ಗಿರಾಕಿಗಳ ಮನೆಮನೆಗೆ ಹೋಗಿ, ಊರನ್ನೇ ಐದು ನಿಮಿಷ ಹಿಂದಕ್ಕೆ ತಿರುಗಿಸುತ್ತಿದ್ದಾರೆ!