ಇಪ್ಪತ್ತು ನಿಮಿಷ ತಡವಾಗಿ ಬರುವ ‘ಸಾಕು’

ನಮ್ಮ ಕಡೆ ಎಲೆಯ ಮುಂದೆ ಕೂತವನು ‘ಸಾಕು’ ಎಂದರೆ ‘ಇನ್ನೊಂದು ಹಾಕಿ, ಆದರೆ ಬಲವಂತ ಮಾಡಿ ಹಾಕಿ’ ಎಂದರ್ಥ. ಮೊದಲ ಸಾಕು ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಎಲೆಗೆ ಎರಡೂ ಕೈ ಅಡ್ಡ ಹಿಡಿದು ಹೇಳುವ ಮೂರನೆಯದು ಮಾತ್ರ ನಿಜ. ಆ ಮೂರನೆಯದನ್ನು ಜನ್ಮದಲ್ಲಿ ನಾನು ಹೇಳಿದ ನೆನಪಿಲ್ಲ.

ಬೊಮ್ಮಸಂದ್ರದ ಬಣ್ಣದ ಕಾರ್ಖಾನೆಯೊಂದರಲ್ಲಿ ಟ್ಯಾಂಕುಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್ ನಾನು. ಟ್ಯಾಂಕು ತುಂಬುತ್ತಾ ಬಂದಾಗ ಅಲಾರಂ ಕೂಗುತ್ತದೆ. ಆಗ ಪಂಪು ನಿಲ್ಲಿಸಿದರೂ ಪೈಪಿನಲ್ಲಿ ಉಳಿದದ್ದು ಬಂದೇ ಬರುತ್ತದೆ. ಅದಕ್ಕೇ ಅಲಾರಂ ಕೂಗುವ ಮಟ್ಟವನ್ನು ಒಂದು ಗೇಣು ಕೆಳಗಿಡಬೇಕು. ಇದನ್ನು ಹೊಸಬರಿಗೆಲ್ಲ ಪಾಠ ಹೇಳಿದವನು ನಾನೇ. ಅಲಾರಂ ಕೂಗಿದ ಮೇಲೂ ಪಂಪು ಓಡಿಸಿದನೆಂದು ಬಾಗಲಕೋಟೆ ಕಡೆಯ ಬಸವರಾಜನಿಗೆ ಒಮ್ಮೆ ಮೆಮೊ ಕೊಟ್ಟಿದ್ದೆ. ಕೊಟ್ಟು ಕ್ಯಾಂಟೀನಿಗೆ ಹೋಗಿ ಎರಡು ಮುದ್ದೆ, ಮೇಲೊಂದಿಷ್ಟು ಅನ್ನವನ್ನು ಏಳೇ ನಿಮಿಷದಲ್ಲಿ ಮುಗಿಸಿ ಬಂದಿದ್ದೆ.

ವರ್ಷಕ್ಕೊಮ್ಮೆ ಟ್ಯಾಂಕು ತೊಳೆದ ಮೇಲೆ ಒಳಗಿಳಿದು ನೋಡಿ ಸಹಿ ಹಾಕುವುದು ನನ್ನ ಕೆಲಸ, ನನ್ನ ಹೆಮ್ಮೆ. ಈ ಸಲ ಟ್ಯಾಂಕಿನ ಬಾಯಲ್ಲಿ ಕಾಲು ಇಳಿಯಿತು, ಸೊಂಟ ಇಳಿಯಿತು, ಹೊಟ್ಟೆ ಇಳಿಯಲಿಲ್ಲ. ಬಸವರಾಜ ಕಂಕುಳಿಗೆ ಕೈ ಹಾಕಿ ಎಳೆಯುತ್ತಾ ಕೇಳಿದ: “ಸಾಹೇಬ್ರ, ಅಲಾರಂ ಕೂಗಿದ ಮ್ಯಾಲೂ ಪಂಪ್ ಯಾಕ ಬಂದ್ ಮಾಡ್ಲಿಲ್ರಿ?” ಎಲ್ಲರೂ ನಕ್ಕರು. ಸೇಫ್ಟಿ ಆಫೀಸರ್ ನಗಲಿಲ್ಲ. “ಮೂರು ತಿಂಗಳು ನೋಡ್ತೀನಿ ಸಾರ್. ಆಗ್ಲಿಲ್ಲಾಂದ್ರೆ ಸ್ಟೋರ್ಸ್‌ಗೆ ಹೋಗ್ಬಿಡಿ” ಎಂದರು. ಇಪ್ಪತ್ತೆರಡು ವರ್ಷ ಟ್ಯಾಂಕು ಕಾದವನು ಇನ್ನು ನಟ್ಟು ಬೋಲ್ಟು ಎಣಿಸಬೇಕೇ? ನಿಜಕ್ಕೂ ಅಳು ಬಂತು.

ಕಾರ್ಖಾನೆಯ ಡಾಕ್ಟರಮ್ಮ ನನ್ನನ್ನು ತೂಗಿ ಕೂರಿಸಿದರು. “ಹೊಟ್ಟೆ ಬರೀ ಚೀಲ ಅಲ್ಲ ಕಣ್ರೀ. ತುಂಬ್ತಾ ಬಂದ ಹಾಗೆ ಅದು ಹಿಗ್ಗಿ, ನರದಲ್ಲಿ ಮಿದುಳಿಗೆ ಸುದ್ದಿ ಕಳಿಸುತ್ತೆ. ಕರುಳು ಏನು ಬಂತು, ಎಷ್ಟು ಬಂತು ಅಂತ ನೋಡಿ ರಕ್ತಕ್ಕೆ ಹಾರ್ಮೋನ್ ಬಿಡುತ್ತೆ. ಇದೆಲ್ಲ ಚೆನ್ನಾಗಿ ಕೇಳ್ಸೋಕೆ ಇಪ್ಪತ್ತು ನಿಮಿಷನಾದ್ರೂ ಬೇಕು. ನೀವು ಅಷ್ಟರಲ್ಲಿ ಕೈ ತೊಳ್ಕೊಂಡು ಹೋಗಿರ್ತೀರಿ! ದಿನಾ ಒಂದು ಹಿಡಿ ಜಾಸ್ತಿ ಹೋದ್ರೂ ಮೈ ಮರೆಯಲ್ಲ, ಇಟ್ಕೊಳ್ಳುತ್ತೆ.”

ನಾನು ಬೆರಗಾಗಿ ನನ್ನ ಹೊಟ್ಟೆಯನ್ನೇ ನೋಡಿಕೊಂಡೆ. ಕರುಳು ಮಕ್ಕಳಿಗಾಗಿ ಮಿಡಿಯುತ್ತದೆಂದು ಕೇಳಿದ್ದೆ. ನನಗಾಗಿ ಮೂರು ಹೊತ್ತೂ ಹೀಗೆ ಬೇಡಿಕೊಳ್ಳುತ್ತಿದೆ ಎಂದು ಗೊತ್ತಿರಲಿಲ್ಲ. ನಮ್ಮ ಕಾರ್ಖಾನೆಯ ಯಾವ ಸೆನ್ಸರಿಗೂ ಬಂದದ್ದು ರಾಗಿಯೋ ಎಣ್ಣೆಯೋ ಎಂದು ತಿಳಿಯದು!

“ಚೆನ್ನಾಗಿ ಅಗಿದು ತಿನ್ನಿ” ಎಂದರು. “ಮುದ್ದೆ ಅಗಿಯೋದಾ ಮೇಡಂ? ನುಂಗೋದಲ್ವಾ!” ಎಂದೆ. ಆನೇಕಲ್ ತಾಲ್ಲೂಕಿನಲ್ಲಿ ಮುದ್ದೆ ಅಗಿದವನಿಗೆ ಹೆಣ್ಣು ಕೊಡುವುದಿಲ್ಲ. ಅವರು ತಲೆ ಚಚ್ಚಿಕೊಂಡು, “ಹಂಗಾದ್ರೆ ಒಂದು ತುತ್ತು ನುಂಗಿ, ಎರಡು ಮಾತಾಡಿ” ಎಂದರು.

ಮಾತಾಡಿದೆ. “ಊಟಕ್ಕೆ ಕೂತು ನನ್ನ ಮುಖ ನೋಡಿದ್ದು ಇದೇ ಮೊದಲು ಕಣ್ರೀ, ಹುಷಾರಾಗಿದ್ದೀರಾ?” ಎಂದಳು ಹೆಂಡತಿ. ಎರಡು ವಾರ ಬರೀ ಮಾತೇ ಆಯಿತು. ಒಂದು ದಿನ ಎರಡನೆಯ ಮುದ್ದೆ ಅರ್ಧವಿರುವಾಗ ಒಳಗಿನಿಂದ ಯಾರೋ ಮೆಲ್ಲಗೆ ‘ಸಾಕು’ ಎಂದ ಹಾಗಾಯಿತು. ಮೈ ಜುಮ್ಮೆಂದಿತು. ನಲವತ್ತೇಳು ವರ್ಷ ಜೊತೆಗಿದ್ದವರ ದನಿಯನ್ನು ಮೊದಲ ಸಲ ಕೇಳಿದ್ದೆ. ತಟ್ಟೆ ಸರಿಸಿಬಿಟ್ಟೆ.

ಮೂರು ತಿಂಗಳ ಮೇಲೆ ಇನ್ನೊಂದು ಟ್ಯಾಂಕು ತೊಳೆದಾಗ ಒಳಗೆ ಸಲೀಸಾಗಿ ಇಳಿದು, ಹತ್ತಿ ಬಂದು, ಸಹಿ ಹಾಕಿದೆ. ಖುಷಿಗೆ ಬಸವರಾಜ ಮನೆಯಿಂದ ಹೋಳಿಗೆ ತಂದಿದ್ದ. ಎರಡಾದ ಮೇಲೆ “ಸಾಕಪ್ಪ” ಎಂದೆ. “ಮೊದಲ್ನೇ ಸಾಕು ಲೆಕ್ಕಕ್ಕಿಲ್ರಿ ಸಾಹೇಬ್ರ” ಎಂದು ತುಪ್ಪ ಹಾಕಿ ಇನ್ನೆರಡು ಬಡಿಸಿದ. ನಡುವೆ ಮಾತಾಡಬೇಕೆಂಬುದು ಮರೆತೇಹೋಯಿತು. ಐದನೆಯದೂ ಹೋಯಿತು, ಆರನೆಯದೂ ಹೋಯಿತು.

ಸರಿಯಾಗಿ ಇಪ್ಪತ್ತು ನಿಮಿಷಕ್ಕೆ ಒಳಗಿನ ಅಲಾರಂ ಕೂಗಿತು. ಪಾಪ, ಅದರದ್ದೇನೂ ತಪ್ಪಿಲ್ಲ. ನಾನು ಬೆಲ್ಟು ಸಡಿಲಿಸುವುದನ್ನು ನೋಡಿ ಬಸವರಾಜ ಜೇಬಿನಿಂದ ಪೆನ್ನು ತೆಗೆದ: “ಮೆಮೊ ನಾ ಬರೀಲೇನ್ರಿ ಸಾಹೇಬ್ರ?”