ಹಿಂದಿನ ಸೀಟಿನ ಮೌನವ್ರತ

ಗುಡಾಣಕ್ಕೆ ಸೀಟ್‌ಬೆಲ್ಟ್ ಬಿಗಿಯುವಾಗ ರಿಗ್ಮೋರ್ ತೋರಿಸಿದ ಮುತುವರ್ಜಿಯಲ್ಲಿ ಕಾಲುಭಾಗವನ್ನಾದರೂ ಇಷ್ಟು ವರ್ಷದ ದಾಂಪತ್ಯದಲ್ಲಿ ತನಗೆ ತೋರಿಸಿದ್ದುಂಟೇ ಎಂದು ಪ್ರೇಬೆನ್ ತನ್ನನ್ನೇ ಕೇಳಿಕೊಂಡ. ಇಲ್ಲ ಎಂದು ಉತ್ತರ ಬಂತು. ಪಿತ್ತ ನೆತ್ತಿಗೇರಲು ಶುರುವಾದದ್ದು ಅಲ್ಲಿಂದ.

ಆ ದೊಡ್ಡ ಮಣ್ಣಿನ ಗುಡಾಣ ಅಸ್ತಾಳದು. ಅಸ್ತಾ, ರಿಗ್ಮೋರಳ ಅಕ್ಕ. ಗಂಡ ಸತ್ತ ಮೇಲೆ ಇಟಲಿಯ ಗುಡ್ಡದ ಮೇಲೊಂದು ಕಲ್ಲುಮನೆ ಕೊಂಡು, ಈ ಬೇಸಿಗೆ ಪೂರ್ತಿ ಇಲ್ಲೇ ಇರಿ ಎಂದು ತಂಗಿಯನ್ನೂ ಅವಳ ಗಂಡನನ್ನೂ ಕರೆಸಿಕೊಂಡಿದ್ದಳು. (ತಂಗಿಯ ಗಂಡ ಅಲ್ಲಿ ಇದ್ದದ್ದಕ್ಕಿಂತ ಗಾರೆ ಕಲಸಿದ್ದೇ ಹೆಚ್ಚು.) ಈಗ ಅವರು ಡೆನ್ಮಾರ್ಕಿಗೆ ವಾಪಸು ಹೊರಡುವಾಗ ತಾನೂ ಜೊತೆಗೆ ಬರುತ್ತೇನೆಂದು ಹೊರಟಳು. ಹಿಂದೆ ಕೂತರೆ ಅವಳಿಗೆ ಹೊಟ್ಟೆ ತೊಳಸುತ್ತದಂತೆ. ಹಾಗಾಗಿ ಮುಂದಿನ ಸೀಟು ಅವಳಿಗೆ. ಕಾರು ಓಡಿಸುವವಳು ರಿಗ್ಮೋರ್. ಹಿಂದೆ ಗುಡಾಣ, ಅದಕ್ಕೆ ಒರಗಿಸಿದ ರಜಾಯಿ ದಿಂಬುಗಳ ಬೆಟ್ಟ, ಬೆಟ್ಟದ ಬುಡದಲ್ಲಿ ಹಾಡರ್ಸ್ಲೆವ್ ಊರಿನ ನಿವೃತ್ತ ಸ್ಟೇಷನ್ ಮಾಸ್ಟರ್ ಪ್ರೇಬೆನ್ ಮಹಾಶಯರು.

"ರೈಲಲ್ಲಿ ಹೋಗೋಣ ಅಂದೆ. ಯಾರಾದ್ರೂ ಕೇಳಿದ್ರಾ?" ಎಂದ ಅವನು, ಆಲ್ಪ್ಸ್ ಹತ್ತುವಾಗ.

"ರೈಲಲ್ಲಿ ಗುಡಾಣ ಹ್ಯಾಗೆ ತರೋದು?" ಎಂದಳು ಅಸ್ತಾ.

"ತರಲೇಬೇಕು ಅಂತ ಯಾವ ಡಾಕ್ಟರು ಹೇಳಿದ?"

"ರಿಗ್ಮೋರ್, ನಿನ್ನ ಗಂಡನಿಗೆ ಹಸಿವಾಗಿರಬೇಕು ಕಣೆ. ಒಂದು ಬಿಸ್ಕತ್ತು ಕೊಡು."

ಎಡಕ್ಕೆ ಹೋಗಬೇಕು ಎಂದು ಅವನು ಹೇಳಿದ ಕಡೆ ಅಕ್ಕತಂಗಿಯರು ಬಲಕ್ಕೆ ಹೋದರು. ಅರ್ಧ ದಿನ ಆಸ್ಟ್ರಿಯಾದ ಹಸುಗಳ ದರ್ಶನವಾಯಿತು. ರಾತ್ರಿ ತಂಗಿದ ಹೋಟೆಲಿನಲ್ಲಿ ಅಕ್ಕತಂಗಿಯರಿಗೆ ಮಂಚ, ಅವನಿಗೆ ಮಡಿಸುವ ಮಂಚ. ಅದು ಮಡಿಸಿಕೊಂಡಿತು, ಅವನು ಒಳಗಿರುವಾಗಲೇ. ಇಷ್ಟನ್ನೂ ಅವನು ಸಹಿಸಿದ. ಆದರೆ ಮರುದಿನ ಜರ್ಮನಿಯ ಹೆದ್ದಾರಿಯಲ್ಲಿ ರಿಗ್ಮೋರ್ ಜೋರಾಗಿ ಬ್ರೇಕ್ ಹಾಕಿದಳು. ಪ್ರೇಬೆನ್ನನ ಹಣೆ ಧಡ್ ಎಂದು ಗುಡಾಣಕ್ಕೆ ಬಡಿಯಿತು. ಅಸ್ತಾ ಗಾಬರಿಯಿಂದ ಹಿಂದೆ ತಿರುಗಿದಳು.

"ಅಯ್ಯಯ್ಯೋ! ಬಿರುಕು ಬಿಡ್ತಾ?"

"ಇಲ್ಲ, ಸ್ವಲ್ಪ ಊದಿದೆ ಅಷ್ಟೇ," ಎಂದ ಅವನು, ಹಣೆ ಸವರಿಕೊಳ್ಳುತ್ತ.

"ನಾನು ಕೇಳಿದ್ದು ಗುಡಾಣದ್ದು."

ಆಯಿತಲ್ಲ! ಪ್ರೇಬೆನ್ ಎದೆ ಸೆಟೆಸಿ ಘೋಷಿಸಿದ: "ಇನ್ನು ಮನೆ ಮುಟ್ಟೋ ತನಕ ನಾನು ಒಂದು ಮಾತೂ ಆಡೋದಿಲ್ಲ. ಒಂದೂ!"

"ಸುಮ್ನೆ ಆಸೆ ತೋರಿಸಬೇಡ ಮಾರಾಯ," ಎಂದಳು ರಿಗ್ಮೋರ್.

ಅವನು ಕಚ್ಚಿದ ಹಲ್ಲು ಬಿಡಲಿಲ್ಲ. ರಜಾಯಿಯನ್ನು ತಲೆತನಕ ಎಳೆದುಕೊಂಡು ಭೀಷಣ ಮೌನವನ್ನು ತಾಳಿದ. ಹ್ಯಾಂಬರ್ಗ್ ದಾಟುವ ಮೊದಲು ಪೆಟ್ರೋಲಿಗೆಂದು ಕಾರು ನಿಂತಿತು. ರಿಗ್ಮೋರ್ ಪೆಟ್ರೋಲ್ ಹಾಕಿಸಲು ಇಳಿದಳು, ಅಸ್ತಾ ಕಾಫಿಗೆ ಹೋದಳು. ಪ್ರೇಬೆನ್ನನಿಗೂ ಅವಸರವಾಗಿತ್ತು. ಆದರೆ ಹೇಳಿ ಹೋಗುವುದಕ್ಕೆ ವ್ರತ ಅಡ್ಡ ಬಂತಲ್ಲ? ರಜಾಯಿಯನ್ನು ದಿಂಬುಗಳ ಮೇಲೆ ಹಾಗೇ ಬಿಟ್ಟು, ಆಚೆ ಬದಿಯ ಬಾಗಿಲಿನಿಂದ ಬೆಕ್ಕಿನಂತೆ ಜಾರಿ ಹೋದ. ಶೌಚಾಲಯದ ಮುಂದೆ ಒಂದು ಬಸ್ಸಿನ ತುಂಬ ಜನ ಸಾಲುಗಟ್ಟಿದ್ದರು. ಅವನು ಹೊರಗೆ ಬಂದಾಗ ಅವರ ಕಾರು ಹೆದ್ದಾರಿಗೆ ಏರುತ್ತಿತ್ತು.

"ನಿಲ್ಸೀ!" ಎಂದು ಕೂಗಿ ಓಡಿದ. ವ್ರತ ಮುರಿಯಿತು, ಚಪ್ಪಲಿಯೂ ಕಿತ್ತುಹೋಯಿತು. ಕಾರು ನಿಲ್ಲಲಿಲ್ಲ. ಒಬ್ಬ ಪ್ರಯಾಣಿಕನನ್ನೂ ಬಿಟ್ಟು ಗಾಡಿ ಹೊರಡಗೊಡದೆ ಬಾವುಟ ಬೀಸಿದವನನ್ನು ಅವನ ಹೆಂಡತಿಯೇ ಬಿಟ್ಟು ಹೋಗಿದ್ದಳು! ಫೋನು ಕಾರಿನಲ್ಲಿ. ಹೆಂಡತಿಯ ನಂಬರು ಫೋನಿನಲ್ಲಿ. ಈಗ ಬರುತ್ತಾರೆ, ಆಗ ಬರುತ್ತಾರೆ ಎಂದು ಗಾಳಿ ಹಾಕುವ ಪಂಪಿನ ಪಕ್ಕ ಕೂತ. ಯಾರೂ ಬರಲಿಲ್ಲ. ಅವನಿಗೆ ಒಂದು ಕ್ಷಣ ಸಿಟ್ಟು ಹೋಗಿ ನಿಜವಾಗಿಯೂ ಅಳು ಬಂತು.

ಕೊನೆಗೆ ಡೆನ್ಮಾರ್ಕಿನ ನಂಬರಿನ ಹಳೆಯ ಕಾರೊಂದು ಬಂತು. ಓಡಿಸುತ್ತಿದ್ದವರು ಥೋರಾ ಎಂಬ ಪಾದ್ರಿಯಮ್ಮ. ದೇವರ ಮೇಲೆ ಅವರಿಗೆ ಎಂಥ ಭರವಸೆ ಎಂಬುದು ಅವರು ಲಾರಿಗಳನ್ನು ಹಿಂದೆ ಹಾಕುವಾಗ ತಿಳಿಯುತ್ತಿತ್ತು. ಪ್ರೇಬೆನ್ ಕಣ್ಣು ಮುಚ್ಚಿಕೊಂಡೇ ಗಾರೆಯಿಂದ ಹಿಡಿದು ಗುಡಾಣದವರೆಗಿನ ಪುರಾಣವನ್ನು ಬಿಚ್ಚಿದ.

"ಅದಕ್ಕೇ ನೋಡಿ, ನಾನು ಮೌನವ್ರತ ಹಿಡಿದದ್ದು," ಎಂದು ಗಡಿ ದಾಟುವಾಗ ಮುಗಿಸಿದ.

"ಹೌದಾ? ನೀವು ಹೇಳದಿದ್ರೆ ಗೊತ್ತೇ ಆಗ್ತಿರಲಿಲ್ಲ," ಎಂದರು ಪಾದ್ರಿಯಮ್ಮ.

ಮನೆಯ ಮುಂದೆ ಇಳಿದು ನೋಡಿದರೆ ಬೀಗ. ಅವರು ಇನ್ನೂ ಬಂದಿಲ್ಲ! ಮೆಟ್ಟಿಲ ಮೇಲೆ ಕೂತು, ಹೇಳಬೇಕಾದ ಮಾತನ್ನೆಲ್ಲ ಮಸೆದು ಸಿದ್ಧ ಮಾಡಿಕೊಂಡ. ಅಳುತ್ತ ಬರುತ್ತಾರೆ, ಪೊಲೀಸರೊಂದಿಗೆ ಬರುತ್ತಾರೆ, ಆಗ ತೋರಿಸುತ್ತೇನೆ! ಸಂಜೆ ಬಿಸಿಲು ಇನ್ನೂ ಚೆನ್ನಾಗಿರುವಾಗಲೇ ಕಾರು ಬಂತು. ಅಕ್ಕತಂಗಿಯರು ನಗುತ್ತ ಇಳಿಯುವಷ್ಟರಲ್ಲಿ ಅವನು ಕಾರಿನ ಹಿಂದಿನ ಬಾಗಿಲ ಬಳಿ ನಿಂತಿದ್ದ.

"ಅರೆ, ಆಗ್ಲೇ ಇಳಿದುಬಿಟ್ಯಾ?" ಎಂದಳು ರಿಗ್ಮೋರ್. "ಗಡಿಯ ಅಂಗಡಿಯಲ್ಲಿ ಸ್ವಲ್ಪ ತಡ ಆಯ್ತು. ನೀನು ಮಲಗಿದ್ದೆ ಅಂತ ಎಬ್ಬಿಸಲಿಲ್ಲ." ಆಮೇಲೆ ಹತ್ತಿರ ಬಂದು, ಅಸ್ತಾಳಿಗೆ ಕೇಳದಂತೆ, "ನಾನು ಹೇಳಿದ್ದೆಲ್ಲ ಕೇಳಿಸ್ಕೊಂಡ್ಯಲ್ಲ?" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

"ಏನು ಹೇಳಿದೆ?"

"ಅಕ್ಕ ನಿದ್ದೆ ಹೋದಾಗ ಹೇಳಿದ್ನಲ್ಲ. ಬೇಸಿಗೆಯೆಲ್ಲ ನಿನ್ನ ಗೋಳು ಹುಯ್ಕೊಂಡೆ, ತಪ್ಪು ನನ್ನದೇ, ಕ್ಷಮಿಸು ಅಂತ. ಮದುವೆ ಆದಾಗಿನಿಂದ ಹೇಳದೇ ಉಳಿದಿದ್ದನ್ನೆಲ್ಲ ಹೇಳಿದೆ. ಎಷ್ಟು ಮರ್ಯಾದೆಯಾಗಿ ಕೇಳ್ತಾ ಇದ್ದೆ ನೀನು! ಮಧ್ಯೆ ಒಂದು ಮಾತೂ ಆಡಲಿಲ್ಲ."

"ನಾನು ಕಾರಲ್ಲಿ ಇರಲೇ ಇಲ್ಲ!" ಎಂದು ಕಿರುಚಿದ ಪ್ರೇಬೆನ್. "ನನ್ನನ್ನ ಪೆಟ್ರೋಲ್ ಬಂಕಲ್ಲಿ ಬಿಟ್ಟು ಬಂದ್ರಿ!"

ರಿಗ್ಮೋರ್ ಹಿಂದಿನ ಬಾಗಿಲು ತೆಗೆದು ರಜಾಯಿ ಎಳೆದು ನೋಡಿದಳು. ಬಾಯಿಯ ಮೇಲೆ ಕೈಯಿಟ್ಟು ನಿಂತಳು. ಈಗ ಕಾಲಿಗೆ ಬೀಳುತ್ತಾಳೆ ಎಂದು ಪ್ರೇಬೆನ್ ಗದ್ದ ಎತ್ತಿ ಕಾದ. ಅವಳು ತಿರುಗಿದಾಗ ಮುಖ ಕೆಂಡವಾಗಿತ್ತು.

"ಅಂದ್ರೆ ನಾನು ಅಷ್ಟು ಹೊತ್ತು ಹೊಟ್ಟೇಲಿದ್ದದ್ದನ್ನೆಲ್ಲ ಹೊರಗೆ ಹಾಕಿದ್ದು ದಿಂಬುಗಳಿಗಾ? ಒಂದು ಮಾತು ಹೇಳಿ ಇಳಿಯೋಕ್ಕಾಗಲಿಲ್ವಾ ನಿಂಗೆ?"

"ಅಲ್ಲ, ನಾನು ಮೌನ..."

"ಅತ್ತುಬಿಟ್ಟೆ ಗೊತ್ತಾ? ಹೆದ್ದಾರಿಯಲ್ಲಿ, ಓಡಿಸ್ತಾ ಓಡಿಸ್ತಾ!"

"ಮತ್ತೆ ನನ್ನ ವಿಷಯ?" ಎಂದು ಅಸ್ತಾ ಮಧ್ಯೆ ಬಂದಳು. "ಚಳಿಗಾಲ ಪೂರ್ತಿ ಇಲ್ಲೇ ಇರ್ತೀನಿ, ಬೇಡ ಅನಿಸಿದ್ರೆ ಈಗಲೇ ಹೇಳಿಬಿಡು ಅಂತ ಎರಡು ಸಲ ಕೇಳಿದೆ. ಏನೂ ಅನ್ನಲಿಲ್ಲ. ನಾನು ಆಗಲೇ ಗಡಿಯಿಂದ ಫೋನ್ ಮಾಡಿ ಇಟಲಿ ಮನೇನ ಬಾಡಿಗೆಗೆ ಕೊಟ್ಟೂ ಆಯ್ತು."

ಪ್ರೇಬೆನ್ ಅಕ್ಕನನ್ನು ನೋಡಿದ, ತಂಗಿಯನ್ನು ನೋಡಿದ. ರಿಗ್ಮೋರಳ ಗಲ್ಲದ ಮೇಲೆ ನಿಜವಾಗಿಯೂ ಕಣ್ಣೀರು ಇಳಿಯುತ್ತಿತ್ತು.

"ತಪ್ಪಾಯ್ತು ಕಣೆ," ಎಂದ, ಬರಿಗಾಲಲ್ಲಿ ನಿಂತುಕೊಂಡು. "ನಿನ್ನನ್ನ ಹಾಗೆ ಬಿಟ್ಟು ಹೋಗಬಾರದಿತ್ತು." ಆಮೇಲೆ ಆಸೆಯಿಂದ ಕೇಳಿದ: "ಆ ಕ್ಷಮಿಸು ಅಂದದ್ದನ್ನ ಇನ್ನೊಂದು ಸಲ ಹೇಳ್ತೀಯಾ?"

"ಹೋಗು ಮಾರಾಯ!" ಎಂದಳು ರಿಗ್ಮೋರ್, ಮೂಗು ಒರೆಸಿಕೊಳ್ಳುತ್ತ. "ಅಂಥ ಮಾತು ಜನ್ಮಕ್ಕೆ ಒಂದೇ ಸಲ ಬರೋದು. ಅದು ಬಂದಾಗ ನೀನು ಕಕ್ಕಸಿಗೆ ಹೋಗಿದ್ದೆ. ಈಗ ಅಕ್ಕನ ಪೆಟ್ಟಿಗೆ ಮೇಲಕ್ಕೆ ತಗೊಂಡು ಹೋಗು. ನಿನ್ನ ಕೋಣೆಗೆ."